ಅಪ್‌ಡೇಟ್: ಸುಸು ಪಾಟಿಯಲ್ಲಿ, ಕಕ್ಕ ಮಾತ್ರ ಡೈಪರ್‌ನಲ್ಲಿ

ಮೂರು ವರ್ಷದ ಮಗಳು ಸುಸು ಪಾಟಿಯಲ್ಲಿ (ಮಕ್ಕಳ ಪುಟ್ಟ ಶೌಚದ ಕುರ್ಚಿ) ಮಾಡಿದರೂ ಕಕ್ಕಕ್ಕೆ ಡೈಪರ್ರೇ ಬೇಕು ಅನ್ನುತ್ತಾಳೆ, ಕೊಡದಿದ್ದರೆ ಎರಡು ದಿನ ತಡೆದುಕೊಳ್ಳುತ್ತಾಳೆ ಎಂದು ಕೇಳಿದ್ದೆ. ಈಗ ಡೈಪರ್ ಬಿಟ್ಟಿದೆ.

ಅದು ಹಟವಲ್ಲ, ಭಯ. ಒಮ್ಮೆ ಗಟ್ಟಿಯಾಗಿ ಬಂದು ನೋವಾದರೆ ಮಗು ತಡೆಹಿಡಿಯುತ್ತದೆ. ತಡೆದಷ್ಟೂ ಕರುಳು ನೀರು ಹೀರಿಕೊಂಡು ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲು ಮಲ ಮೆತ್ತಗಾಗಬೇಕು, ಪಾಟಿಯ ಮಾತು ಆಮೇಲೆ. ಹಾಲು ದಿನಕ್ಕೆ 400 ಮಿ.ಲೀ.ಗೆ ಇಳಿಯಿತು, ಪಪ್ಪಾಯಿ, ನೆನೆಸಿ ಹಿಚುಕಿದ ಒಣದ್ರಾಕ್ಷಿ, ನೀರು ಹೆಚ್ಚಾದವು. ಜೊತೆಗೆ ಮಕ್ಕಳ ವೈದ್ಯರು ಬರೆದ, ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್. ಎರಡು ದಿನ ಸರಿಹೋಯಿತೆಂದು ಸಿರಪ್ ನಾವೇ ನಿಲ್ಲಿಸಬಾರದು, ಮತ್ತೆ ಗಟ್ಟಿಯಾಗುತ್ತದೆ.

ಡೈಪರ್ ಕಿತ್ತುಕೊಳ್ಳಲಿಲ್ಲ, ಜಾಗ ಬದಲಿಸಿದೆವು. ಮೊದಲು ಡೈಪರ್ ಹಾಕಿಕೊಂಡೇ ಬಚ್ಚಲಲ್ಲಿ ನಿಂತು. ಆಮೇಲೆ ಡೈಪರ್ ಸಮೇತ ಪಾಟಿ ಮೇಲೆ ಕೂತು. ಕೊನೆಗೆ ಡೈಪರ್‌ನ ತಳದಲ್ಲಿ ತೂತು ಮಾಡಿ, ದಿನದಿನಕ್ಕೆ ದೊಡ್ಡದು ಮಾಡುತ್ತಾ. ಪ್ರತಿ ಹಂತಕ್ಕೂ ನಾಲ್ಕೈದು ದಿನ. ಮಗು ಬೆದರಿದರೆ ಒಂದು ಹಂತ ಹಿಂದೆ ಹೋದರೆ ಆಯಿತು, ಬೈಗುಳ ಮಾತ್ರ ಬೇಡ.

ಕೂರಿಸುವುದು ಊಟವಾದ 15–30 ನಿಮಿಷಕ್ಕೆ, ಆಗ ಕರುಳು ತಾನೇ ಚಲಿಸುತ್ತಿರುತ್ತದೆ. ಐದು ನಿಮಿಷ ಸಾಕು. ಕಮೋಡ್ ಆದರೆ ಕಾಲಡಿಗೆ ಮಣೆ ಇಡಲೇಬೇಕು: ಮಂಡಿ ಸೊಂಟಕ್ಕಿಂತ ಮೇಲಿರಬೇಕು, ಕಾಲು ನೇತಾಡಿದರೆ ಮುಕ್ಕಲು ಆಗುವುದಿಲ್ಲ.

ಇನ್ನೊಂದು ಮಾತು: ದಿನಗಟ್ಟಲೆ ಕಕ್ಕ ಮಾಡದ ಮಗುವಿನ ಚಡ್ಡಿಯಲ್ಲಿ ತೆಳ್ಳಗೆ ಸೋರಿದ್ದರೆ ಭೇದಿ ನಿಲ್ಲಿಸುವ ಔಷಧಿ ಕೊಡಬೇಡಿ. ಒಳಗೆ ಕಟ್ಟಿಕೊಂಡ ಗಟ್ಟಿ ಮಲದ ಪಕ್ಕದಿಂದ ಅದು ಜಿನುಗುತ್ತಿರಬಹುದು. ವೈದ್ಯರಿಗೆ ತೋರಿಸಿ.