ಏರಿ ಕಿತ್ತ ಜಾಗಕ್ಕೆ ಕೆರೆ ಗೋಡು ತುಂಬಿಸಿದರೆ ನಿಲ್ಲುತ್ತಾ?

ಗೌರಿಬಿದನೂರು ಕಡೆಯವ:
ಮಳೆಗೆ ನಮ್ಮೂರ ಕೆರೆ ಏರಿ, ಹೊಲಕ್ಕೆ ನೀರು ಬಿಡೋ ತೂಬಿನ ಪಕ್ಕದಲ್ಲೇ ಕಿತ್ತುಹೋಗಿದೆ. ಕಿತ್ತ ಜಾಗ 40 ಅಡಿ ಉದ್ದ, ಏರಿ ಎತ್ತರ 15 ಅಡಿ, ಮೇಲ್ಗಡೆ ಅಗಲ 10 ಅಡಿ. ಜೆಸಿಬಿಯಲ್ಲಿ ಕೆರೆ ಅಂಗಳದ ಗೋಡನ್ನೇ (ಹೂಳು) ಎತ್ತಿ ಸುರಿದು, ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಎರಡು ದಿನದ ಕೆಲಸ ಅಂತಿದ್ದಾರೆ. ಸರಿನಾ? ಮಣ್ಣು ಎಷ್ಟು ಬೇಕು?

ಏರಿ_ತೂಬು:
ನಿಲ್ಲಲ್ಲ. ಗೋಡು ಹೊಲಕ್ಕೆ ಹೊಡೆಸಿ, ಏರಿಗೆ ಬೇಡ. ಅದರಲ್ಲಿ ಕೊಳೆತ ಬೇರು, ಸೊಪ್ಪು ಇರುತ್ತೆ. ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ.

ಮೊದಲು ಕಿತ್ತ ಜಾಗದ ಕೆಸರು, ಮರಳನ್ನೆಲ್ಲ ಗಟ್ಟಿ ನೆಲ ಸಿಗೋವರೆಗೆ ತೆಗೀರಿ. ಎರಡೂ ಕಡೆ ನೆಟ್ಟಗೆ ನಿಂತಿರೋ ಹಳೇ ಏರಿಯನ್ನ 45 ಡಿಗ್ರಿಗಿಂತ ಕಡಿದಾಗದಂತೆ ಇಳಿಜಾರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಕಡೀರಿ. ಇದನ್ನ ಬಿಟ್ಟರೆ ಹೊಸ ಮಣ್ಣು ಕುಸಿದಾಗ ಹಳೇದಕ್ಕೂ ಹೊಸದಕ್ಕೂ ನಡುವೆ ಸೀಳು ಬಿಡುತ್ತೆ, ಮುಂದಿನ ಸಲ ನೀರು ಅಲ್ಲೇ ನುಗ್ಗುತ್ತೆ. ಎರಡನೇ ಸಲ ಕೀಳೋ ಏರಿಗಳು ಹೆಚ್ಚಾಗಿ ಕೀಳೋದು ಈ ಜೋಡಣೆಯಲ್ಲೇ.

ಮಧ್ಯಕ್ಕೆ ಜೇಡಿ ಬೆರೆತ ಕೆಮ್ಮಣ್ಣು, ಹಿಂಬದಿಗೆ (ನೀರಿಲ್ಲದ ಕಡೆ) ಗರಸು ಮಣ್ಣು. ಒಂದು ಪದರ ಸಡಿಲವಾಗಿ 20 ಸೆಂ.ಮೀ. ಮೀರಬಾರದು, ನೀರು ಚಿಮುಕಿಸಿ, ರೋಲರ್ ಹೊಡೆಸಿ, ಮೇಲ್ಮೈ ಕೆರೆದು ಮುಂದಿನ ಪದರ. ಹದ ನೋಡೋಕೆ ಮಣ್ಣನ್ನ ಮುಷ್ಟಿಯಲ್ಲಿ ಹಿಸುಕಿ: ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ಮೂರ್ನಾಲ್ಕು ಚೂರಾಗಬೇಕು. ಕೈಗೆ ಅಂಟಿದರೆ ನೀರು ಜಾಸ್ತಿ, ಪುಡಿಯಾದರೆ ಕಮ್ಮಿ. ಟ್ರ್ಯಾಕ್ಟರ್ ಓಡಿಸಿದರೆ ಗಾಲಿ ಹೋದ ಎರಡು ಪಟ್ಟಿ ಮಾತ್ರ ಗಟ್ಟಿ.

ಎರಡೂ ಬದಿ 2:1 ಇಳಿಜಾರು (ಒಂದಡಿ ಎತ್ತರಕ್ಕೆ ಎರಡಡಿ ಅಗಲ) ಹಿಡಿದರೆ, ಬದಿ ಕಡಿದದ್ದೂ ಸೇರಿ ಸುಮಾರು 870 ಘನ ಮೀಟರ್. ಸಡಿಲ ಮಣ್ಣು ಕಾಲು ಭಾಗ ಜಾಸ್ತಿ ಬೇಕು, ಅಂದರೆ 3 ಘನ ಮೀಟರ್ ಹಿಡಿಯೋ ಟ್ರೈಲರ್‌ನಲ್ಲಿ 360 ಲೋಡ್ ಹತ್ತಿರ. ಎರಡು ದಿನ ಅಂದವರು ಇದನ್ನ ಲೆಕ್ಕ ಹಾಕಿಲ್ಲ. ಕುಸಿತಕ್ಕೆ ಅಂತ ಎತ್ತರದಲ್ಲಿ ಮುಕ್ಕಾಲಡಿ ಜಾಸ್ತಿ ಬಿಡಿ.

ಪಿನಾಕಿನಿ_ದಂಡೆ:
ತೂಬಿನ ಪಕ್ಕ ಕಿತ್ತಿದೆ ಅಂದರೆ ಕಲ್ಲುಕಟ್ಟಡಕ್ಕೂ ಮಣ್ಣಿಗೂ ನಡುವೆ ನೀರು ಜಿನುಗಿ ಒಳಗೊಳಗೇ ಮಣ್ಣು ತೊಳೆದಿರೋ ಸಾಧ್ಯತೆ ಹೆಚ್ಚು. ಅಲ್ಲಿ ರೋಲರ್ ತಾಗಲ್ಲ. ಗೋಡೆಯಿಂದ ಎರಡಡಿವರೆಗೆ 10 ಸೆಂ.ಮೀ. ಪದರ ಹಾಕಿ ಕೈ ದಿಮ್ಮಸಿನಲ್ಲೇ ಬಡೀಬೇಕು. ಹಿಂಬದಿ ಬುಡದಲ್ಲಿ ಮರಳು, ಅದರಾಚೆ ಜಲ್ಲಿ, ಆಮೇಲೆ ದಪ್ಪ ಕಲ್ಲು, ಇದೇ ಕ್ರಮ. ನೀರು ಆಚೆ ಹೋಗಲಿ, ಮಣ್ಣು ಹೋಗಬಾರದು.

ಕೆರೆ ತುಂಬಿದಾಗ ಹೆಚ್ಚಾದ ನೀರು ಹೋಗೋ ಕೋಡಿಗೆ ಮರಳುಮೂಟೆ ಜೋಡಿಸಿದ್ರಾ? ಕೋಡಿ ಮೇಲೆ ಎರಡಡಿ ನೀರು ಹರಿಯೋ ಮಟ್ಟದಲ್ಲಿ ಒಂದಡಿ ಮೂಟೆ ಇಟ್ಟರೆ ಹರಿವು ಅರ್ಧ ಆಗಲ್ಲ, ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಉಳಿದ ಭಾರವೆಲ್ಲ ಏರಿ ಮೇಲೆ.

ಗೌರಿಬಿದನೂರು ಕಡೆಯವ:
ಮೂಟೆ ಇತ್ತು. ಕೆಮ್ಮಣ್ಣು ಎರಡು ಕಡೆ ಸಿಗುತ್ತೆ: ಗುಡ್ಡದ ಬುಡ, ಇಲ್ಲಾ ಹಳ್ಳದ ಪಕ್ಕ. ಹಳ್ಳದ್ದು ಹತ್ತಿರ, ಬಾಡಿಗೆ ಉಳಿಯುತ್ತೆ.

ಏರಿ_ತೂಬು:
ಮೊದಲು ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ತಗೊಂಡು ಕಡಲೆಕಾಳಿನಷ್ಟು ಹೆಂಟೆ ಬಿಟ್ಟು, ಅಲ್ಲಾಡಿಸದೆ ಹತ್ತು ನಿಮಿಷ ನೋಡಿ. ಹೆಂಟೆ ಕುಸಿದು ನೀರು ತಿಳಿಯಾಗಿದ್ದರೆ ಪರವಾಗಿಲ್ಲ. ಸುತ್ತ ಹಾಲಿನ ಹಾಗೆ ಮೋಡ ಎದ್ದರೆ ಅದು ಚೌಳು, ಸೋಡಿಯಂ ಜಾಸ್ತಿ. ಎಷ್ಟೇ ಬಡಿದರೂ ಜಿನುಗು ನೀರಲ್ಲಿ ಕರಗಿ ಹೋಗುತ್ತೆ. ಬೋರ್ ನೀರಲ್ಲಿ ಮಾಡಬೇಡಿ, ಅದರ ಉಪ್ಪು ಮೋಡ ಏಳದಂತೆ ಮಾಡಿ ಮೋಸ ಮಾಡುತ್ತೆ.

ಗೌರಿಬಿದನೂರು ಕಡೆಯವ:
ಹಳ್ಳದ ಮಣ್ಣು ಐದೇ ನಿಮಿಷಕ್ಕೆ ಹಾಲಾಯ್ತು. ಗುಡ್ಡದ್ದು ಕುಸೀತು, ನೀರು ತಿಳಿಯಾಗೇ ಇದೆ.

ಪಿನಾಕಿನಿ_ದಂಡೆ:
ಹಾಗಾದ್ರೆ ಗುಡ್ಡದ್ದೇ. ಅಚ್ಚುಕಟ್ಟು (ಕೆರೆ ನೀರು ಹರಿಯೋ ಜಮೀನು) 40 ಹೆಕ್ಟೇರ್ ದಾಟಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ ಬರುತ್ತೆ, ಅವರ ಎಂಜಿನಿಯರ್ ನೋಡದೆ ಕೈ ಹಾಕಬೇಡಿ. ಮೊದಲ ಸಲ ನೀರು ಬಂದಾಗ ಮೂರನೇ ಒಂದು ಭಾಗಕ್ಕೆ ನಿಲ್ಲಿಸಿ, ತೂಬು ಎತ್ತಿಟ್ಟು, ವಾರ ನೋಡಿ. ಹಿಂದೆ ತಿಳಿನೀರು ಜಿನುಗಿದರೆ ಗುರುತು ಹಾಕಿಡಿ. ಮಣ್ಣು ಹೊತ್ತು ಕೆಂಪಾಗಿ ಬಂದರೆ ಜೇಡಿ ಮೆತ್ತಿ ಬಾಯಿ ಮುಚ್ಚೋಕೆ ಹೋಗಬೇಡಿ, ಅದು ಇನ್ನೊಂದು ಕಡೆ ಬಾಯಿ ತೆಗೆಯುತ್ತೆ. ಸುತ್ತ ಮೂಟೆಯ ಕಟ್ಟೆ ಕಟ್ಟಿ, ಒಳಗೆ ಮರಳು, ಮೇಲೆ ಜಲ್ಲಿ ತುಂಬಿ, ಕೆಳಗಿನ ಕೆರೆಯ ನೀರುಗಂಟಿಗೆ ಆಗಲೇ ಫೋನ್ ಮಾಡಿ.