ಪದಚರ್ಚೆ: ‘ಅರೈವಲ್ ಕಾರ್ಡ್’ಗೆ ಏನೆನ್ನೋಣ? ‘ಅಡ್ಡಹೆಸರು’ ಅಂದರೆ ಯಾವ ಹೆಸರು?

ಬಳಗದವರಿಗೆ ನಮಸ್ಕಾರ.

ನಮ್ಮ ಮನೆಯವರೂ ಬೀಗರ ಮನೆಯವರೂ ಸೇರಿ ಹನ್ನೊಂದು ಮಂದಿ ಹಿರಿಯರು ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಪುರ ನೋಡಿಬರಲು ಹೊರಟಿದ್ದಾರೆ. ಮೂರು ಕಡೆಗೂ ಇಳಿಯುವ ಮೊದಲೇ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್, ಅಂದರೆ ಬರುವವರು ತಮ್ಮ ವಿವರವನ್ನು ಆ ದೇಶದವರಿಗೆ ತಿಳಿಸುವ ನಮೂನೆ, ತುಂಬಬೇಕು. ತಲೆಗೆ ಮೂರರಂತೆ ಮೂವತ್ತಮೂರು. ಎಲ್ಲವನ್ನೂ ನಾನೇ ತುಂಬುವ ಬದಲು ಕನ್ನಡದಲ್ಲೊಂದು ಹಾಳೆ ಮಾಡಿ ಹಂಚಿದರೆ ಅವರವರೇ ತುಂಬಿಕೊಳ್ಳುತ್ತಾರೆ ಅಂದುಕೊಂಡೆ. ಮೊನ್ನೆ ಭಾನುವಾರ ಎಲ್ಲರನ್ನೂ ಕೂರಿಸಿ, ಅಭ್ಯಾಸಕ್ಕೆಂದು ಕಾಗದದ ಮೇಲೆ ತುಂಬಿಸಿ ನೋಡಿದೆ. ತಪ್ಪುಗಳು ಧಾರಾಳವಾಗಿ ಬಂದವು. ಮೊಬೈಲ್ ಬಾರದೆ ಆದ ತಪ್ಪು ಒಂದೂ ಇರಲಿಲ್ಲ. ಎಲ್ಲಕ್ಕೂ ನಾನು ಆರಿಸಿದ ಕನ್ನಡ ಪದಗಳೇ ಕಾರಣ. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ಆ ಕಾರ್ಡಿನ ಹೆಸರು. ‘ಆಗಮನ ಚೀಟಿ’ ಎಂದು ಬರೆದಿದ್ದೆ. ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ ಇರುವಾಗ ಕಾರ್ಡಿಗೆ ‘ಚೀಟಿ’ ಹೊಸದೇನಲ್ಲ. ಆದರೆ ಚೀಟಿ ಎಂದರೆ ಯಾರೋ ನಮಗೆ ಕೊಡುವಂಥದ್ದು ಎಂಬ ಭಾವ ಗಟ್ಟಿಯಾಗಿದೆ. “ಅದನ್ನ ವಿಮಾನದಲ್ಲೇ ಕೊಡ್ತಾರಲ್ಲಪ್ಪ, ಪೆನ್ನು ಇಟ್ಕೊಂಡಿದ್ರೆ ಸಾಕು” ಎಂದರು ನಮ್ಮ ದೊಡ್ಡಪ್ಪ. ಅವರ ಅನುಭವ ಸುಳ್ಳಲ್ಲ. ನಮ್ಮ ದೇಶಕ್ಕೆ ಮರಳುವಾಗ ಭಾರತೀಯರೂ 2014ರವರೆಗೆ ಇಂಥ ಕಾರ್ಡ್ ತುಂಬುತ್ತಿದ್ದರು, ಹೊರಡುವಾಗಿನ ಕಾರ್ಡ್ 2017ರ ಜುಲೈವರೆಗೂ ಇತ್ತು. ಸಿಂಗಪುರ 2020ರಲ್ಲಿ ಕಾಗದ ಬಿಟ್ಟಿತು. ಮಲೇಷ್ಯಾದಲ್ಲಿ ಡಿಜಿಟಲ್ ಕಾರ್ಡ್ ಕಡ್ಡಾಯವಾದದ್ದು 2024ರ ಜನವರಿ 1ರಿಂದ, ಥಾಯ್ಲೆಂಡಿನಲ್ಲಿ 2025ರ ಮೇ 1ರಿಂದ. ಈಗ ಯಾರೂ ಏನನ್ನೂ ಕೊಡುವುದಿಲ್ಲ, ನಾವೇ ತುಂಬಿ ಕಳಿಸಬೇಕು. ಹಾಗಾದರೆ ‘ಆಗಮನ ವಿವರ’ ಎನ್ನಲೇ? ‘ಆಗಮನ’ವೇನೋ ವಿಮಾನ ನಿಲ್ದಾಣದ ಫಲಕಗಳಿಂದ ಎಲ್ಲರಿಗೂ ಪರಿಚಿತ.

‘ಅರೈವಲ್’ ಎಂದೇ ಉಳಿಸಿದರೆ ಬೇರೆ ತೊಡಕು. ‘ವೀಸಾ ಆನ್ ಅರೈವಲ್’ (ಇಳಿದ ಮೇಲೆ ಅಲ್ಲೇ ಕೊಡುವ ವೀಸಾ) ಎಂಬುದು ಪ್ರವಾಸದವರ ಬಾಯಲ್ಲಿ ಓಡಾಡಿ ‘ಅರೈವಲ್ ವೀಸಾ’ ಆಗಿದೆ. ಹನ್ನೊಂದರಲ್ಲಿ ನಾಲ್ವರು ಕಾರ್ಡನ್ನೂ ವೀಸಾವನ್ನೂ ಒಂದೇ ಅಂದುಕೊಂಡಿದ್ದರು. ಮಲೇಷ್ಯಾಕ್ಕೆ 2023ರ ಡಿಸೆಂಬರಿನಲ್ಲಿ ಭಾರತೀಯರಿಗೆ ವೀಸಾ ಬೇಡವಾಯಿತು, ಕಾರ್ಡ್ ಮಾತ್ರ ಬೇಕು. ಸಿಂಗಪುರಕ್ಕೆ ವೀಸಾವೂ ಬೇಕು, ಕಾರ್ಡೂ ಬೇಕು. ‘ಪರವಾನಗಿ’, ‘ಅನುಮತಿ’ ಎಂಬ ಮಾತು ಕಾರ್ಡಿನ ಹತ್ತಿರವೂ ಸುಳಿಯಬಾರದು ಎನ್ನುವುದು ಇದರಿಂದ ನಾನು ಕಲಿತ ಪಾಠ.

ಇನ್ನು ಹೆಸರಿನ ಕಾಲಂ. ಇಲ್ಲಿಯೇ ನನಗೆ ನಿಮ್ಮ ಸಹಾಯ ಹೆಚ್ಚು ಬೇಕಾಗಿರುವುದು.

‘ಸರ್‌ನೇಮ್’ ಎಂಬಲ್ಲಿ ‘ಅಡ್ಡಹೆಸರು’ ಎಂದು ಬರೆದಿದ್ದೆ. ಧಾರವಾಡ ಕಡೆಯ ಬೀಗರಿಗೆ ಕಷ್ಟವೇ ಆಗಲಿಲ್ಲ. ಅಲ್ಲಿ “ನಿಮ್ಮ ಅಡ್ಡಹೆಸರೇನ್ರೀ?” ಎಂದರೆ ಮನೆತನದ ಹೆಸರೇ. ಮಂಡ್ಯದ ನಮ್ಮ ಮಾವ ಮಾತ್ರ ಪೆನ್ನು ಎತ್ತಿ ಹಿಡಿದು, “ಊರಲ್ಲೆಲ್ಲ ನನ್ನನ್ನ ಗುಂಡ ಅಂತಾರೆ, ಅದನ್ನೂ ಬರೀಬೇಕಾ?” ಎಂದರು. ನಮ್ಮ ಕಡೆ ಅಡ್ಡಹೆಸರೆಂದರೆ ಕರೆಯುವ ಹೆಸರು, ಚೇಷ್ಟೆಯ ಹೆಸರು. ‘ಉಪನಾಮ’ ಎಂದು ತಿದ್ದೋಣವೆಂದರೆ, ಪಾಸ್‌ಪೋರ್ಟಿನ ಹಿಂದಿಯಲ್ಲಿ ಸರ್‌ನೇಮಿಗೆ ಅದೇ ಪದವಿದ್ದರೂ ಕನ್ನಡದ ಕಿವಿಗೆ ಅದು ಇನ್ನೊಂದು ಹೆಸರು ಎಂದೇ ಕೇಳುತ್ತದೆ. ‘ಕುಲನಾಮ’ ಎಂದರೆ ಜಾತಿ ಕೇಳಿದ ಹಾಗಾಗುತ್ತದೆ. ‘ಮನೆತನದ ಹೆಸರು’ ವಾಸಿ. ಆದರೆ ಹಳೇ ಮೈಸೂರಿನ ಕಡೆ ಎಷ್ಟೋ ಜನಕ್ಕೆ ಅಂಥದ್ದೇ ಇಲ್ಲ. ಊರು, ಅಪ್ಪ, ಆಮೇಲೆ ತಾನು, ಮೊದಲೆರಡೂ ಇನಿಶಿಯಲ್ಲು. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಶಿಯಲ್ಲನ್ನು ಬಿಡಿಸಿ ಬರೆದು, ಕೆಲವರಿಗೆ ಊರೇ ಸರ್‌ನೇಮ್ ಆಗಿದೆ, ಕೆಲವರಿಗೆ ಅಪ್ಪ. ನಮ್ಮ ಚಿಕ್ಕಮ್ಮನಿಗೆ ಆ ಜಾಗ ಖಾಲಿಯೇ ಇದೆ.

ಈ ಖಾಲಿ ಜಾಗ ನಗುವ ವಿಷಯವಲ್ಲ. 2022ರ ನವೆಂಬರಿನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಬಿಡುವುದಿಲ್ಲ ಎಂದು, ಆಮೇಲೆ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಸಡಿಲಿಸಿದ್ದು ನೆನಪಿರಬಹುದು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. ಹುಟ್ಟಿದ ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು ‘ಗೊತ್ತಿಲ್ಲ’!

ಕುತೂಹಲದ ಸಂಗತಿಯೆಂದರೆ, ಪಾಸ್‌ಪೋರ್ಟುಗಳ ನಿಯಮ ಬರೆಯುವ ಐಸಿಎಒ ಸಂಸ್ಥೆ ತನ್ನ 9303ನೇ ದಾಖಲೆಯಲ್ಲಿ ‘ಪ್ರೈಮರಿ ಐಡೆಂಟಿಫೈಯರ್’, ‘ಸೆಕೆಂಡರಿ ಐಡೆಂಟಿಫೈಯರ್’ ಎಂಬ ಪದಗಳನ್ನು ಬಳಸುತ್ತದೆ. ಮನೆತನ, ಅಪ್ಪ, ಊರು ಯಾವುದರ ಗೊಡವೆಯೂ ಇಲ್ಲ, ಬರೀ ಮೊದಲ ಗುರುತು, ಎರಡನೆಯ ಗುರುತು. ಫೋಟೋ ಪುಟದ ಕೆಳಗಿನ ಎರಡು ಸಾಲುಗಳ ಪೈಕಿ ಮೇಲಿನದರಲ್ಲಿ ಅದು ಕಣ್ಣಿಗೇ ಕಾಣುತ್ತದೆ. ದೇಶದ ಮೂರಕ್ಷರ ಆದ ಮೇಲೆ ಜೋಡಿ ಕೋನದ ಗುರುತು (<<) ಬರುವವರೆಗಿನದು ಮೊದಲ ಗುರುತು, ಅದರಾಚೆಯದು ಎರಡನೆಯದು. ಹಾಗಾಗಿ ಹಾಳೆಯಲ್ಲಿ ಪದವನ್ನೇ ಕೈಬಿಟ್ಟು, ‘ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದಿರುವಲ್ಲಿ ಏನಿದೆಯೋ ಅದನ್ನೇ ಅಕ್ಷರ ಬಿಡದೆ ಇಳಿಸಿ, ಖಾಲಿ ಇದ್ದರೆ ನಿಲ್ಲಿಸಿ, ನನಗೆ ಫೋನ್ ಮಾಡಿ’ ಎಂದು ಬರೆದಿದ್ದೇನೆ. ಥಾಯ್ಲೆಂಡಿನ ಕಾರ್ಡಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ ತಪ್ಪಿದರೆ ತಿದ್ದಲು ಬರುವುದಿಲ್ಲ, ಹೊಸದಾಗಿಯೇ ತುಂಬಬೇಕು. ಹೋಟೆಲು, ವಿಮಾನದಂಥವನ್ನು ತಿದ್ದಬಹುದು.

ಸಂಖ್ಯೆಯ ಮಾತು ಬಂದದ್ದರಿಂದ ಒಂದು ಉಪಕಥೆ. ಒಬ್ಬರು ಫೋನಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹೇಳುವಾಗ ಸೊನ್ನೆಗೆ “ಓ” ಎಂದರು, ಬರೆದುಕೊಂಡವರು ಇಂಗ್ಲಿಷಿನ ಓ ಅಕ್ಷರವನ್ನೇ ಬರೆದರು. ನಮ್ಮ ಪಾಸ್‌ಪೋರ್ಟಿನಲ್ಲಿ ಮೊದಲು ಒಂದು ಅಕ್ಷರ, ಮುಂದಿನ ಏಳೂ ಅಂಕಿ. ಆದ್ದರಿಂದ ಮೊದಲನೆಯದನ್ನು ಬಿಟ್ಟು ಎಲ್ಲಿ ದುಂಡಗೆ ಕಂಡರೂ ಅದು ಸೊನ್ನೆಯೇ. (ಅನುಸ್ವಾರಕ್ಕೂ ನಾವು ಸೊನ್ನೆ ಎನ್ನುವವರಲ್ಲವೇ, ಗೊಂದಲ ನಮಗೆ ಹೊಸದಲ್ಲ.)

ಇನ್ನು ‘ಮುಂಚೆ’. ಮೂರೂ ದೇಶದವರು ಹೇಳುವುದು ಇಳಿಯುವ ಮುಂಚಿನ ಮೂರು ದಿನಗಳಲ್ಲಿ ಯಾವಾಗಲಾದರೂ ತುಂಬಿ, ಅದಕ್ಕೂ ಮೊದಲು ಬೇಡ ಎಂದು. ‘ಮೂರು ದಿನ ಮುಂಚೆ ತುಂಬಿ’ ಎಂದು ಬರೆದೆ. “ಹದಿನೈದು ದಿನ ಮುಂಚೆನೇ ಮುಗಿಸಿಬಿಡ್ತೀನಿ, ಕೊನೇ ಗಳಿಗೇಲಿ ಯಾಕೆ” ಎಂದರು ಒಬ್ಬರು. ‘ಮೂರು ದಿನದೊಳಗೆ’ ಎಂದು ತಿದ್ದಿದೆ. “ಹಾಗಾದ್ರೆ ಇಳಿದ ಮೇಲೂ ಮೂರು ದಿನ ಟೈಮಿದೆ” ಎಂದರು ಇನ್ನೊಬ್ಬರು. ಎರಡೂ ಕನ್ನಡದ ಮಟ್ಟಿಗೆ ಸರಿಯಾದ ಅರ್ಥಗಳೇ! ಸಿಂಗಪುರದವರಂತೂ ಇಳಿಯುವ ದಿನವನ್ನೂ ಸೇರಿಸಿ ಎಣಿಸುತ್ತಾರೆ, ಹುಟ್ಟಿದ ದಿನವನ್ನೂ ಸೇರಿಸುವ ನಮ್ಮ ತೊಟ್ಟಿಲ ಹನ್ನೊಂದನೇ ದಿನದ ಲೆಕ್ಕದ ಹಾಗೆ. ಹತ್ತನೇ ತಾರೀಕು ಇಳಿಯುವವರು ಎಂಟರಿಂದ ತುಂಬಬಹುದು. ಕೊನೆಗೆ ಪದ ಬಿಟ್ಟು ತಾರೀಕನ್ನೇ ಬರೆದೆ.

ತಾರೀಕಿನಲ್ಲೂ ಒಂದು ಬಲೆಯಿದೆ. ‘ಸೋಮವಾರ ರಾತ್ರಿ ಒಂದು ಗಂಟೆಗೆ ವಿಮಾನ’ ಎಂದು ನಾವು ಹೇಳುವುದು ಟಿಕೆಟ್ಟಿನ ಪ್ರಕಾರ ಮಂಗಳವಾರ. ಬೆಳಗಾಗುವವರೆಗೂ ನಮಗೆ ಹಿಂದಿನ ದಿನವೇ. ಆರು ಮಂದಿ ಮನೆಯಿಂದ ಹೊರಡುವ ದಿನವನ್ನೇ ಇಳಿಯುವ ದಿನವೆಂದು ಬರೆದಿದ್ದರು.

‘ಹೊರಟ ಊರು’ ಎಂಬುದೂ ಕೈಕೊಟ್ಟಿತು. ಕಾರ್ಡ್ ಕೇಳುವುದು ಈ ದೇಶಕ್ಕೆ ಬರಲು ಕೊನೆಯದಾಗಿ ಎಲ್ಲಿ ವಿಮಾನ ಹತ್ತಿದಿರಿ ಎಂದು. ಬ್ಯಾಂಕಾಕಿನಿಂದ ಕ್ವಾಲಾಲಂಪುರಕ್ಕೆ ಹೋಗುವಾಗ ಅದು ಬ್ಯಾಂಕಾಕ್. ನಮ್ಮವರು ಬೆಂಗಳೂರು ಎಂದರು, ಒಬ್ಬರು ಮದ್ದೂರು ಎಂದೇ ಬರೆದರು. ‘ವಾಸ್ತವ್ಯ’ವೂ ಅಷ್ಟೇ. ಒಂದು ರಾತ್ರಿ ತಂಗುವ ಗ್ರಾಮ ವಾಸ್ತವ್ಯವನ್ನು ಪತ್ರಿಕೆಗಳಲ್ಲಿ ಓದಿದವರು ಆ ಕಾಲಂನಲ್ಲಿ ಹೋಟೆಲಿನ ವಿಳಾಸ ಬರೆಯದೆ ಇನ್ನೇನು ಮಾಡಿಯಾರು? ಕೇಳಿದ್ದು ಮನೆಯಿರುವ ದೇಶ. ಈಗ ಎಲ್ಲವನ್ನೂ ಪ್ರಶ್ನೆಯಾಗಿಸಿದ್ದೇನೆ: ‘ಈ ದೇಶಕ್ಕೆ ಬರಲು ಕೊನೆಯದಾಗಿ ಎಲ್ಲಿ ವಿಮಾನ ಹತ್ತಿದಿರಿ?’ ‘ನಿಮ್ಮ ಮನೆ ಯಾವ ದೇಶದಲ್ಲಿದೆ?’ ‘ಅಲ್ಲಿ ಎಲ್ಲಿ ಉಳಿದುಕೊಳ್ಳುತ್ತೀರಿ?’ ಹತ್ತು, ಇಳಿ, ಉಳಿ, ಈ ಕ್ರಿಯಾಪದಗಳು ಬಂದ ಕೂಡಲೇ ತಪ್ಪು ನಿಂತಿತು. ನಾಮಪದಗಳನ್ನು ಸಮಾಸ ಮಾಡಿ ಕಾಲಂಗೆ ಅಂಟಿಸುವ ಸರ್ಕಾರಿ ಚಾಳಿ ನನಗೂ ಹತ್ತಿತ್ತು.

‘ಅಧಿಕೃತ ಜಾಲತಾಣ’ ಎಂಬುದನ್ನೂ ಹೊಡೆದುಹಾಕಿದ್ದೇನೆ. ಹೋದ ವರ್ಷ ನಾನೇ, ಹುಡುಕಿದಾಗ ಮೇಲ್ಗಡೆ ‘ಅಧಿಕೃತ’ ಎಂಬಂತೆ ಕಂಡ ಯಾವುದೋ ತಾಣಕ್ಕೆ ದುಡ್ಡು ಕಟ್ಟಿ ಬಂದವನು. ಮೂರು ಕಾರ್ಡಿಗೂ ಬಿಡಿಗಾಸು ಶುಲ್ಕವಿಲ್ಲ. ಈಗಿನ ಸಾಲು: ‘ದುಡ್ಡು ಕೇಳಿದರೆ ತಪ್ಪು ಬಾಗಿಲು. ವಿಳಾಸದಲ್ಲಿ, ಶುರುವಿನ ಜೋಡಿ ಓರೆಗೆರೆ (//) ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಗೆ ತಾಗಿದಂತೆ ಅದರ ಮುಂಚೆ ಥಾಯ್ಲೆಂಡಿನದಕ್ಕೆ ಜಿಒ.ಟಿಎಚ್, ಮಲೇಷ್ಯಾದ್ದಕ್ಕೆ ಜಿಒವಿ.ಎಂವೈ, ಸಿಂಗಪುರದ್ದಕ್ಕೆ ಜಿಒವಿ.ಎಸ್‌ಜಿ ಇದೆಯೇ ನೋಡಿ.’

ಇನ್ನು ನನಗೆ ಬೇಕಾದದ್ದು. ಸರ್‌ನೇಮಿಗೆ ಬೆಳಗಾವಿಯಿಂದ ಚಾಮರಾಜನಗರದವರೆಗೆ ಒಂದೇ ಅರ್ಥ ಕೊಡುವ ಪದ ನಿಮ್ಮಲ್ಲಿದೆಯೇ? ಕರಾವಳಿಯವರು, ಕೊಡಗಿನವರು ಮನೆಯಲ್ಲಿ ಏನೆನ್ನುತ್ತೀರಿ? ‘ವಿದಿನ್ ತ್ರೀ ಡೇಸ್ ಬಿಫೋರ್’ ಎಂಬುದನ್ನು ತಾರೀಕಿನ ಆಸರೆಯಿಲ್ಲದೆ ಒಂದೇ ಸಾಲಿನಲ್ಲಿ ಕನ್ನಡಕ್ಕೆ ತರಲಾದೀತೇ? ನನಗೆ ಹೊಳೆದದ್ದು ‘ಇಳಿಯಲು ಮೂರೇ ದಿನ ಉಳಿದಾಗ’. ನಿನ್ನೆ ದೊಡ್ಡಪ್ಪನಿಗೆ ಓದಿ ಹೇಳಿದೆ. “ಮೂರೇ ದಿನ ಅಂದ್ರೆ, ಎರಡು ದಿನ ಉಳಿದಾಗ ಆಗಲ್ವಾ?” ಎಂದು ಕೇಳಿದರು.