ನನ್ನ ಸಣ್ಣ ವಿಮಾನದ ಪ್ರೊಪೆಲ್ಲರ್ ಹೊಸದು, ಆದ್ರೂ ಆರ್‌ಪಿಎಂ ಏರ್ತಿಲ್ಲ. ಇದನ್ನ ಮಾರಿ ಬೇರೆ ಯಾವುದು ತಗೊಳ್ಳಲಿ?

ಹೊಸಕೋಟೆ_ಶೆಡ್:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟೋಗಿದೆ. ಮೂರು ಬ್ಲೇಡಿಂದು ಕಾರ್ಬನ್ ಪ್ರಾಪ್, ನೆಲದ ಮೇಲೆ ಪಿಚ್ (ಬ್ಲೇಡಿನ ಕೋನ) ಅಡ್ಜಸ್ಟ್ ಮಾಡೋದು, 68 ಇಂಚು. ಚಾರ್ಟ್‌ನಲ್ಲಿ ಕೊಟ್ಟಿರೋ ಡಿಗ್ರಿನೇ ಇಟ್ಟೆ, ಫುಲ್ ಥ್ರಾಟಲ್ ಕೊಟ್ರೆ 4650 ಅಷ್ಟೇ. ಒಂದು ಡಿಗ್ರಿ ಇಳಿಸ್ದೆ, 4850 ಆಯ್ತು, ಆಮೇಲೆ ಭಯ ಆಗಿ ನಿಲ್ಲಿಸ್ದೆ, ಯಾಕಂದ್ರೆ ಚಾರ್ಟ್ ಬಿಟ್ಟು ಎಷ್ಟು ದೂರ ಹೋಗ್ಲಿ? ಮಾರಿದವರಿಗೆ ಫೋನ್ ಮಾಡಿದ್ರೆ ಚಾರ್ಟ್ ಸರಿ ಇದೆ ಸಾರ್ ಅಂತಾರೆ. ಬೇರೆ ಯಾವ ಪ್ರಾಪ್ ಒಳ್ಳೇದು ಹೇಳಿ.

ಪೀಣ್ಯ_ಟರ್ನರ್:
ಎಂಜಿನ್ ಯಾವುದು ಗುರು? ಗೇರ್‌ಬಾಕ್ಸ್ ರೇಶಿಯೋ ಎಷ್ಟು? ಪ್ರಾಪ್ ಕೆಟ್ಟದ್ದು ಅನ್ನೋ ಮುಂಚೆ ಇಷ್ಟಾದ್ರೂ ಬರೀಬಾರ್ದಾ.

ಹೊಸಕೋಟೆ_ಶೆಡ್:
ರೋಟಾಕ್ಸೇ ಸರ್, ಇನ್ನೇನು. 912, 80 ಎಚ್‌ಪಿ. ರೇಶಿಯೋ 2.27, ಎಂಜಿನ್ 2.27 ಸುತ್ತು ತಿರುಗಿದ್ರೆ ಪ್ರಾಪ್ ಒಂದು ಸುತ್ತು.

ಕಾರ್ಬ್_ಕಾಕಾ:
ಕಾರ್ಬ್ ಸಿಂಕ್, ಅಂದ್ರೆ ಎರಡು ಕಾರ್ಬ್ಯುರೇಟರ್ ಒಂದೇ ಸಮ ತೆರೀತಿಲ್ಲ. ನೋಡೋದೇ ಬೇಡ. ಎರಡು ಬಿಂಗ್ ಕಾರ್ಬ್ ಇರೋ ಎಂಜಿನ್ನಲ್ಲಿ ಒಂದರ ಕೇಬಲ್ ಚೂರು ಹೆಚ್ಚುಕಮ್ಮಿ ಇದ್ರೂ ಆ ಕಡೆ ಎರಡು ಸಿಲಿಂಡರ್ ಸುಮ್ನೆ ಜೊತೇಲಿ ಬರ್ತಿರುತ್ತೆ. ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ.

ಮರದ_ರೆಕ್ಕೆ:
ಕಾರ್ಬನ್ ತಗೊಂಡಿದ್ದೇ ತಪ್ಪು. ಎರಡು ಬ್ಲೇಡಿನ ಮರದ ಪ್ರಾಪ್ ಹಾಕಿ, ಕಂಪನಾನ ಮರ ಕುಡಿದುಬಿಡುತ್ತೆ, ಬ್ಲೇಡ್ ಕಡಿಮೆ ಆದಷ್ಟೂ ಎಫಿಶಿಯನ್ಸಿ ಜಾಸ್ತಿ. ನಂದು ನಾನೇ ಕೆತ್ತಿದ್ದು, ಏಳು ಪದರ ಅಂಟಿಸಿ. ಫೋಟೋ ಹಾಕ್ಲಾ?

ಪೀಣ್ಯ_ಟರ್ನರ್:
ಬೇಡ. ಹೋದ ಸಲಾನೂ ಹಾಕಿದ್ರಿ. ಮಳೆಗಾಲದಲ್ಲಿ ಊದಿ ಬೇಸಿಗೇಲಿ ಕುಗ್ಗೋ ಮರಕ್ಕೆ ಬೋಲ್ಟ್ ಟಾರ್ಕ್ ಎಷ್ಟು ಸಲ ನೋಡ್ತೀರ ಅಂತ ಮಾತ್ರ ಹೇಳಲ್ಲ ನೀವು.

ಹೆಬ್ಬಾಳದ_ಹದ್ದು:
ಎಲ್ಲರೂ ಒಂದು ವಿಷಯ ಮರೀತಿದ್ದೀರ. ಬೆಂಗಳೂರು ಸುಮಾರು 3000 ಅಡಿ ಮೇಲಿದೆ. ಈಗ ಏಪ್ರಿಲ್, ಮಧ್ಯಾಹ್ನ 34 ಡಿಗ್ರಿ. ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವೋ ಅದಕ್ಕೆ ಸಮನಾದ ಎತ್ತರ) ಲೆಕ್ಕ ಹಾಕಿ, 6000 ಅಡಿ ಹತ್ರ ಬರುತ್ತೆ. 80 ಎಚ್‌ಪಿ ಎಂಜಿನ್ನು 65ರ ಆಸುಪಾಸಿಗೆ ಬಿದ್ದಿರುತ್ತೆ. ಇನ್ನೆಲ್ಲಿ ಆರ್‌ಪಿಎಂ ಬರುತ್ತೆ?

ಗೇರ್_ಗಿರಾಕಿ:
ಪವರ್ ಬೀಳೋದು ನಿಜ, ಟೇಕಾಫ್ ಉದ್ದ ಆಗೋದೂ ನಿಜ. ಆದ್ರೆ ಸ್ಟ್ಯಾಟಿಕ್ (ವಿಮಾನ ನಿಂತಲ್ಲೇ ಇರುವಾಗಿನ) ಆರ್‌ಪಿಎಂಗೆ ಈ ಲೆಕ್ಕ ನಡೆಯಲ್ಲ ಸರ್. ಗಾಳಿ ತೆಳು ಆದ್ರೆ ಎಂಜಿನ್ನಿಗೆ ಹೆಂಗೆ ಉಸಿರು ಕಡಿಮೆಯೋ ಪ್ರಾಪ್‌ಗೂ ಹಂಗೇ ಹೊರೆ ಕಡಿಮೆ. ಎರಡೂ ಹೆಚ್ಚುಕಮ್ಮಿ ಒಟ್ಟೊಟ್ಟಿಗೆ ಇಳಿಯುತ್ತೆ. ವ್ಯತ್ಯಾಸ ಬಂದ್ರೆ ಐವತ್ತು ಅರವತ್ತು ಆರ್‌ಪಿಎಂ, ಇವರಿಗೆ ಕಡಿಮೆ ಬಿದ್ದಿರೋದು ಐನೂರರ ಮೇಲೆ.

ಹೆಬ್ಬಾಳದ_ಹದ್ದು:
ಪುಸ್ತಕದ ಮಾತು. ಇಲ್ಲೇ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ತಮ್ಮ ಹಂಸ-3 ವಿಮಾನಕ್ಕೆ ಸುಮ್ನೆ ರೋಟಾಕ್ಸ್ 914 ಟರ್ಬೋ ಹಾಕಿದ್ರಾ?

ಗೇರ್_ಗಿರಾಕಿ:
ಅದು ಎರಡು ಸೀಟಿನ ಟ್ರೈನರ್, ಹಾರುವಾಗ ಪಿಚ್ ಬದಲಾಗೋ ಪ್ರಾಪ್ ಬೇರೆ ಇದೆ. ಇವರ ಶೆಡ್‌ನಲ್ಲಿರೋದಕ್ಕೂ ಅದಕ್ಕೂ ಏನು ಸಂಬಂಧ ಸರ್.

(ಇಲ್ಲಿಂದ ಹದಿನಾಲ್ಕು ರಿಪ್ಲೈ ಹಂಸ, ಟರ್ಬೋ, ಆಮೇಲೆ ಏರೋ ಇಂಡಿಯಾ ಸಮಯದಲ್ಲಿ ಯಲಹಂಕ ಟ್ರಾಫಿಕ್ ಬಗ್ಗೆ ಇತ್ತು, ಬೇರೆ ಥ್ರೆಡ್ಡಿಗೆ ಹಾಕಿದ್ದೀನಿ. ಮಾಡ್)

ಹೊಸಕೋಟೆ_ಶೆಡ್:
ಕಾಕಾ ಹೇಳಿದ್ರು ಅಂತ ಗೇಜ್ ಸಾಲ ತಂದು ಕಾರ್ಬ್ ಸಿಂಕ್ ನೋಡ್ದೆ, ಸರಿಯಾಗೇ ಇದೆ. ಥ್ರಾಟಲ್ ಲಿವರ್ ಎರಡೂ ಕೊನೇ ಸ್ಟಾಪ್ ಮುಟ್ತಿದೆ. ಎಸ್.ಪಿ. ರೋಡಲ್ಲಿ ಸುತ್ತು ಎಣಿಸೋ ಲೇಸರ್ ಟ್ಯಾಕೋ ತಗೊಂಡು ಬ್ಲೇಡಿಗೆ ಸ್ಟಿಕ್ಕರ್ ಅಂಟಿಸಿ ಅಳೆದೆ, ಪ್ರಾಪ್ 2135 ತಿರುಗ್ತಿದೆ, 2.27ರಿಂದ ಗುಣಿಸಿದ್ರೆ ಅದೇ 4850. ಪ್ಯಾನೆಲ್ ಮೀಟ್ರೂ ಸುಳ್ಳು ಹೇಳ್ತಿಲ್ಲ.

ಕಾರ್ಬ್_ಕಾಕಾ:
ಐಡಲ್‌ನಲ್ಲಿ ಸಿಂಕ್ ಇದ್ರೆ ಸಾಲಲ್ಲ, 2500ರಲ್ಲಿ ನೋಡಿದ್ರಾ?

ಗೇರ್_ಗಿರಾಕಿ:
ಕಾಕಾ, ಸ್ವಲ್ಪ ತಾಳಿ. ಶೆಡ್ ಅವರೇ, ಈ ಸ್ಥಿತೀಲಿ ಪದೇಪದೇ ಫುಲ್ ಥ್ರಾಟಲ್ ಕೊಡ್ಬೇಡಿ, 5200ರ ಕೆಳಗೆ ಹಂಗೆ ಎಳೆಸಬಾರದು ಅಂತ ರೋಟಾಕ್ಸ್‌ನವರೇ ಹೇಳ್ತಾರೆ. ಬ್ಲೇಡಿನ ಕೋನ ಹೆಂಗೆ ಅಳೆದ್ರಿ, ಒಂದೊಂದಾಗಿ ಹೇಳಿ. ವಿಮಾನ ಮುಂಚಕ್ರದ್ದಾ, ಬಾಲದ ಕೆಳಗೆ ಚಕ್ರ ಇರೋ ಟೇಲ್‌ವೀಲಾ?

ಹೊಸಕೋಟೆ_ಶೆಡ್:
ಟೇಲ್‌ವೀಲ್. ಇಗ್ನಿಶನ್ ಎರಡೂ ಆಫ್ ಮಾಡಿ, ಬಾಲ ಎತ್ತಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟೆ, ಲೆವೆಲ್ ಬಂತು. ಒಂದೊಂದೇ ಬ್ಲೇಡನ್ನ ಎಡಗಡೆ ಅಡ್ಡ ತಂದು ನಿಲ್ಸಿ ಡಿಜಿಟಲ್ ಗೇಜ್ ಇಟ್ಟೆ. ಮೂರೂ ಒಂದೇ ಬಂತು, 0.1 ಕೂಡ ವ್ಯತ್ಯಾಸ ಇಲ್ಲ. ಅದಕ್ಕೇ ವೈಬ್ರೇಶನ್ನೂ ಇಲ್ಲ.

ಗೇರ್_ಗಿರಾಕಿ:
ಲೆವೆಲ್ ಬಂತು ಅಂತ ಯಾರು ಹೇಳಿದ್ದು, ಕಣ್ಣಾ? ಗೇಜನ್ನ ಎಲ್ಲಿಟ್ಟು ಸೊನ್ನೆ ಮಾಡಿದ್ರಿ?

ಹೊಸಕೋಟೆ_ಶೆಡ್:
ಶೆಡ್ಡಿನ ಕಂಬಕ್ಕೆ.

ಗೇರ್_ಗಿರಾಕಿ:
ಅಲ್ಲೇ ಇದೆ ನಿಮ್ಮ ಐನೂರು ಆರ್‌ಪಿಎಂ. ಕಂಬ ನೆಟ್ಟಗಿದೆ, ಪ್ರಾಪ್ ತಿರುಗೋ ತಟ್ಟೆ ನೆಟ್ಟಗಿಲ್ಲ, ಮೂಗು ಇನ್ನೂ ಮೇಲಿದೆ. ನಿಮ್ಮ ಎಂಜಿನ್ ದಿಕ್ಕಿಗೆ ಸೀಟಿಂದ ನೋಡಿದ್ರೆ ಎಡಗಡೆ ಬ್ಲೇಡು ಮೇಲಕ್ಕೆ ಹೋಗೋದು. ಮೂಗು ಎಷ್ಟು ಡಿಗ್ರಿ ಎದ್ದಿದ್ಯೋ ಅಷ್ಟು ಕಡಿಮೆ ತೋರಿಸುತ್ತೆ ಅಲ್ಲಿ, ಅದನ್ನ ತುಂಬೋಕೆ ಹೋಗಿ ನೀವು ಪಿಚ್ ಅಷ್ಟು ಜಾಸ್ತಿ ಇಟ್ಟಿದ್ದೀರ. ಮೂರೂ ಬ್ಲೇಡಿಗೆ ಒಂದೇ ತಪ್ಪು, ಅದಕ್ಕೇ ಅಲ್ಲಾಡ್ತಿಲ್ಲ. ಬಲಗಡೆ ಅಳೆದಿದ್ರೆ ಉಲ್ಟಾ ಆಗಿ ಎಂಜಿನ್ ಓವರ್‌ಸ್ಪೀಡ್ ಹೋಗ್ತಿತ್ತು. ಗೇಜನ್ನ ಹಬ್ಬಿನ (ಬ್ಲೇಡುಗಳು ಕೂರೋ ನಡುಭಾಗದ) ಮುಖಕ್ಕೆ ಹಿಡಿದು ಸೊನ್ನೆ ಮಾಡಿ. ಹಬ್ ಅಲ್ಯೂಮಿನಿಯಂ ಆದ್ರೆ ಮ್ಯಾಗ್ನೆಟ್ ಹಿಡಿಯಲ್ಲ, ಕೈಯಲ್ಲೇ ಒತ್ತಿ ಹಿಡ್ಕೊಳ್ಳಿ. ಚಾರ್ಟ್‌ನಲ್ಲಿ ಬ್ಲೇಡಿನ ಯಾವ ಜಾಗದಲ್ಲಿ ಅಳೀಬೇಕು ಅಂತ ಬರೆದಿರ್ತಾರೆ, ಅಲ್ಲೇ ಅಳೀರಿ, ಬ್ಲೇಡು ತಿರುಚಿರುತ್ತಲ್ಲ, ಎರಡು ಇಂಚು ಆಚೀಚೆ ಆದ್ರೂ ಕೋನ ಬೇರೆ.

ಮರದ_ರೆಕ್ಕೆ:
ಮರದ್ದಾಗಿದ್ರೆ ಈ ಗೇಜು ಕುರ್ಚಿ ಯಾವುದೂ ಬೇಡ ಇತ್ತು.

ಹೊಸಕೋಟೆ_ಶೆಡ್:
ಬೆಳಗ್ಗೆ ಆರಕ್ಕೇ ಹೋಗಿ ನೋಡ್ದೆ. ಹಬ್ಬಿನ ಮೇಲೆ ಗೇಜ್ ಇಟ್ರೆ 4.1 ಡಿಗ್ರಿ!! ಕುರ್ಚಿ ಗಿಡ್ಡ ಆಗೋಯ್ತು. ಹಬ್ಬಿಗೆ ಸೊನ್ನೆ ಮಾಡಿ ಮತ್ತೆ ಚಾರ್ಟ್ ಡಿಗ್ರಿಗೇ ಇಟ್ಟೆ, ಬಾಲ ಕಟ್ಟಿ ಓಡಿಸ್ದೆ, 5340. ಗೇರ್ ಸರ್, ಹೊಸಕೋಟೆ ಕಡೆ ಬನ್ನಿ, ಬಿರಿಯಾನಿ ನಂದು. ಇನ್ನು ಚೂರು ಇಳಿಸ್ಲಾ?

ಗೇರ್_ಗಿರಾಕಿ:
ಬೇಡ, ಅಲ್ಲೇ ಬಿಡಿ. ಹಾರುವಾಗ ಪ್ರಾಪ್ ಹಗುರ ಆಗಿ ಆರ್‌ಪಿಎಂ ತಾನೇ ಏರುತ್ತೆ. ನೇರ ಹಾರಾಟದಲ್ಲಿ ಫುಲ್ ಥ್ರಾಟಲ್ ಕೊಟ್ರೆ 5800 ದಾಟಬಾರದು, ಅದೂ ಐದು ನಿಮಿಷದ ಮಿತಿ, ಸತತ ಓಡಿಸೋದಕ್ಕೆ 5500. ಪೇಪರ್ ಎಲ್ಲಾ ಇದೆ ತಾನೇ?

ಹೊಸಕೋಟೆ_ಶೆಡ್:
ಅದರ ಬಗ್ಗೆ ಬೇರೆ ಥ್ರೆಡ್ ಹಾಕ್ತೀನಿ ಸರ್, ಅದು ಇನ್ನೊಂದು ತಲೆನೋವು.

ಟ್ರೈಕ್_ತಮ್ಮ:
ನಂದು ಪುಶರ್, ಪ್ರಾಪ್ ಹಿಂದಿರೋದು. ಹಂಗಾದ್ರೆ ಎಡ ಬಲ ಉಲ್ಟಾನಾ?

ಗೇರ್_ಗಿರಾಕಿ:
ಎಡ ಬಲ ಬಿಟ್ಹಾಕು ತಮ್ಮ, ಹಬ್ಬಿಗೆ ಸೊನ್ನೆ ಮಾಡು ಸಾಕು.

ಕಾರ್ಬ್_ಕಾಕಾ:
ಎಲ್ಲಾ ಸರಿ. 2500ರಲ್ಲಿ ಸಿಂಕ್ ನೋಡಿದ್ರಾ ಇಲ್ವಾ?